ಹನ್ನೊಂದನೇ ಮನೆಯ ಜಾಡಿ

ಗಾಜಕ್ಕ ಬಸ್ಸು ಹತ್ತಿದಳೆಂದರೆ ಕಂಡಕ್ಟರ್ ಎರಡು ಸೀಟು ಬಿಡಿಸಿಕೊಡುತ್ತಿದ್ದ. ಒಂದು ಅವಳಿಗೆ, ಇನ್ನೊಂದು ಅವಳ ಚೀಲಕ್ಕೆ. ಹೊಸಬರು ಅದನ್ನು ಗೌರವ ಎಂದುಕೊಳ್ಳುತ್ತಿದ್ದರು; ಅಸಲಿಗೆ ಅದು ಹೆದರಿಕೆ. ಮೊದಲ ವಾರ ಅವನು ಬಾಯಿ ಸುಮ್ಮನಿರಲಾರದೆ, "ಏನಕ್ಕ, ದಿನಾ ಟಿಣ್ ಟಿಣ್ ಅನ್ನಿಸ್ಕೊಂಡು ಬರ್ತೀರಾ, ಜೇನುತುಪ್ಪದ ವ್ಯಾಪಾರಾನಾ?" ಎಂದು ಕೇಳಿದ್ದ. ಗಾಜಕ್ಕ ದನಿ ಕೂಡ ತಗ್ಗಿಸದೆ, "ಜಾಡಿಯಲ್ಲಿ ಊಟ ಇದೆ, ಬಾಟಲಿಯಲ್ಲಿ ಜನರ ಮೂತ್ರ ಇದೆ. ನಿಮಗೆ ಯಾವುದು ಕೊಡ್ಲಿ?" ಎಂದಿದ್ದಳು. ಅವತ್ತಿನಿಂದ ಆ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂತವರಲ್ಲ.

ಅವಳು ಹೇಳಿದ್ದು ತಮಾಷೆಯಲ್ಲ, ಅಕ್ಷರಶಃ ನಿಜ. ಪ್ಲಾಸ್ಟಿಕ್ ಡಬ್ಬಿ, ಚೀಲ, ಪೈಪುಗಳಿಂದ ಊಟದೊಳಗೆ ಏನೇನು ಇಳಿಯುತ್ತದೆ, ಊಟದಿಂದ ನಮ್ಮ ಮೈಗೆ ಎಷ್ಟು ಸೇರುತ್ತದೆ ಎಂದು ಅಳೆಯುವ ಸಂಸ್ಥೆಯೊಂದರಲ್ಲಿ ಅವಳು ಇಪ್ಪತ್ತಾರು ವರ್ಷ ದುಡಿದಳು. ಇಪ್ಪತ್ತು ವರ್ಷ ಜಾಡಿ ತೊಳೆದಳು, ಆರು ವರ್ಷ ಜಾಡಿ ಹೊತ್ತಳು. ತಂದೆ ತಾಯಿ ಇಟ್ಟ ಹೆಸರು ಅವಳಿಗೂ ಇದೆ, ಆದರೆ ಅದು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು.

ಗಾಜು ತೊಳೆಯುವುದನ್ನು ಕಲಿಸಿದ್ದು ಅವಳ ಅಮ್ಮ. ಅಮ್ಮ ಆಸ್ಪತ್ರೆಯೊಂದರಲ್ಲಿ ಆಯಾ. ಔಷಧಿ ಬಾಟಲಿಗಳನ್ನು ತೊಳೆದು ತೊಳೆದು ಕೈ ಬಿರುಕು ಬಿಟ್ಟಿದ್ದ ಹೆಂಗಸು. ಮಗಳು ಒಂದು ಬಾಟಲಿ ತೊಳೆದು ಮುಂದಿಟ್ಟರೆ ಅಮ್ಮ ಅದನ್ನು ಕಣ್ಣಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಉಗುರಿನಿಂದ ಕುತ್ತಿಗೆಯ ಹತ್ತಿರ ತಟ್ಟುತ್ತಿದ್ದಳು. ಸರಿಯಿದ್ದರೆ ದನಿ ಉದ್ದಕ್ಕೆ ಹೋಗುತ್ತದೆ, ಸೀಳಿದ್ದರೆ ಅಲ್ಲೇ ಸತ್ತುಹೋಗುತ್ತದೆ. ಗಾಜು ಒಡೆಯುವುದು ಯಾವಾಗಲೂ ಕುತ್ತಿಗೆಯಲ್ಲಿ, ಅಲ್ಲೇ ತಟ್ಟಿ ನೋಡಬೇಕು ಎಂದು ಅಮ್ಮ ಹೇಳಿಕೊಟ್ಟಿದ್ದನ್ನು ಗಾಜಕ್ಕ ಸಂಸ್ಥೆಯ ತೊಟ್ಟಿಯ ಮುಂದೆ ನಿಂತು ಸಾವಿರಾರು ಸಲ ಮಾಡಿದಳು. ಅಲ್ಲಿ ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು, ಆಮೇಲೆ ಘಾಟು ವಾಸನೆಯ ದ್ರಾವಣದಲ್ಲಿ ಜಾಲಿಸಿ, ಕೆಂಪಗೆ ಕಾದ ಒಲೆಯಲ್ಲಿ ಸುಡಬೇಕಿತ್ತು. ಬ್ರಷ್ಷಿಗೂ ಮರದ ಹಿಡಿ. ಮುಚ್ಚಳದೊಳಗೆ ಅಲ್ಯೂಮಿನಿಯಂ ಹಾಳೆ. ಕೆಲಸದ ದಿನ ಕೈಗೆ ಕ್ರೀಮು ಹಚ್ಚುವಂತಿಲ್ಲ, ಸೆಂಟು ಹಾಕುವಂತಿಲ್ಲ; ಅವುಗಳಲ್ಲೂ ಅದೇ ಪ್ಲಾಸ್ಟಿಕ್ಕಿನ ಅಂಶ ಇರುತ್ತದೆ. ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅವಳ ಗಂಡ, "ನಿನ್ನ ಜಾಡಿಗಳಿಗೆ ಸಿಗೋ ಸ್ನಾನ ನಂಗೆ ಒಂದಿನ ಸಿಕ್ಕಿದ್ರೆ ಮೈಗೆ ಅಂಟಿರೋ ಗ್ರೀಸ್ ಪೂರ್ತಿ ಹೋಗಿರೋದು ಕಣೇ" ಎನ್ನುತ್ತಿದ್ದ.

ತೊಟ್ಟಿಯಿಂದ ಅವಳನ್ನು ಮೇಲೆತ್ತಿದ್ದು ಒಂದು ಮೋಸ. ಮೋಸ ಮಾಡಿದವನನ್ನು ಸಂಸ್ಥೆಯಲ್ಲಿ ಈಗಲೂ ಕಥೆಗಾರ ಎನ್ನುತ್ತಾರೆ. ಹದಿಮೂರು ಮನೆಗಳಿಗೆ ದಿನಾ ಹೋಗಿ, ಅವರು ತಿಂದ ಊಟದ ಅಷ್ಟೇ ಪಾಲನ್ನು ಜಾಡಿಯಲ್ಲಿ ತರುವುದು, ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು ಎಂದು ಡೈರಿಯಲ್ಲಿ ಬರೆಯುವುದು ಅವನ ಕೆಲಸವಾಗಿತ್ತು. ಅವನ ಡೈರಿ ಓದಲು ಬಹಳ ಸೊಗಸಾಗಿರುತ್ತಿತ್ತಂತೆ. ಆದರೆ ಲ್ಯಾಬಿನ ಲೆಕ್ಕ ತಲೆಬುಡವಿಲ್ಲದೆ ಬಂತು. ಹಣ್ಣು ತರಕಾರಿ ತಿಂದವರ ಮೂತ್ರದಲ್ಲಿ ಪ್ಲಾಸ್ಟಿಕ್ಕಿನ ಅಂಶ ಏರಿತ್ತು, ಡಬ್ಬಿಯ ಊಟ ತಿಂದವರದು ಇಳಿದಿತ್ತು. ದೊಡ್ಡ ದೊಡ್ಡ ಪದವಿಯವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾಗ, ತೊಟ್ಟಿಯ ಹತ್ತಿರದಿಂದ ಗಾಜಕ್ಕ ಕೈ ಒರೆಸಿಕೊಂಡು ಬಂದು ಕೇಳಿದಳು:

"ಮೇಡಂ, ಹದಿಮೂರು ಮನೆ ಜಾಡಿಗೂ ಒಂದೇ ಎಣ್ಣೆ ವಾಸನೆ ಹೇಗೆ ಬರುತ್ತೆ?"

ಕಥೆಗಾರ ಯಾವ ಮನೆಯ ಮೆಟ್ಟಿಲನ್ನೂ ತುಳಿದಿರಲಿಲ್ಲ. ಒಂದೇ ಹೋಟೆಲಿನಲ್ಲಿ ಕೂತು ಹದಿಮೂರು ಜಾಡಿ ತುಂಬಿಸಿ, ಅಲ್ಲೇ ಕಾಫಿ ಕುಡಿಯುತ್ತ ಹದಿಮೂರು ಮನೆಗಳ ಊಟವನ್ನು ಕಲ್ಪಿಸಿ ಬರೆದಿದ್ದ. ಎರಡು ವರ್ಷದ ಕೆಲಸ ನೀರಿನಲ್ಲಿ ಹೋಮವಾಯಿತು. ಮೇಡಂ, ಅಂದರೆ ಆ ಅಧ್ಯಯನಗಳ ಮುಖ್ಯಸ್ಥೆ, ಗಾಜಕ್ಕನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವರು, ಅವತ್ತು ಎಲ್ಲರೆದುರು ಅವಳ ಒದ್ದೆ ಕೈ ಹಿಡಿದುಕೊಂಡರು. "ಅಕ್ಕ, ಇನ್ಮೇಲೆ ಮನೆಗಳಿಗೆ ನೀವೇ ಹೋಗಿ. ನಿಮ್ಮನ್ನ ನಂಬದೆ ನಾನು ಇನ್ಯಾರನ್ನ ನಂಬಲಿ?" ಎಂದರು.

ಈ ಮಾತು ಗಾಜಕ್ಕನಿಗೆ ಎಷ್ಟು ಮುಟ್ಟಿತೆಂದರೆ, ಅವಳು ಅದನ್ನು ಗಂಡನಿಗೆ ಒಂದು ವಾರದಲ್ಲಿ ಐದು ಸಲ ಹೇಳಿದಳು. ಓದು ಹತ್ತನೇ ತರಗತಿಗೆ ನಿಂತಿತ್ತು, ಹುದ್ದೆ ಕೆಳಗಿನದು. ಅವಳು ಹೇಳಿದ್ದನ್ನು ಜನ ಹೌದೆಂದು ಒಪ್ಪುತ್ತಾರೆ ಎನ್ನುವುದೊಂದೇ ಅವಳ ಆಸ್ತಿ.

ಎರಡು ವರ್ಷದ ಮೇಲೆ ಮೇಡಂ ಅವಳನ್ನು ದೂರದ ಊರಿಗೆ ಮೂರು ವಾರ ಹಾಲಿನ ಮಾದರಿ ತರಲು ಕಳಿಸಿದರು. ಅವಳು ಅಲ್ಲಿರುವಾಗಲೇ ಅಮ್ಮ ತನ್ನ ಬಾಡಿಗೆ ಕೋಣೆಯಲ್ಲಿ ತೀರಿಕೊಂಡಳು. ಎರಡು ದಿನ ಯಾರೂ ಬಾಗಿಲು ತಟ್ಟಲಿಲ್ಲ. ಹೊಸಿಲ ಮೇಲೆ ಎರಡು ದಿನದ ಪೇಪರು ಹಾಗೇ ಬಿದ್ದಿದ್ದವು. ಗಾಜಕ್ಕ ಇದನ್ನು ಗಂಡನಿಗೆ ಬಿಟ್ಟರೆ ಒಬ್ಬರ ಹತ್ತಿರ ಮಾತ್ರ ಬಾಯಿಬಿಟ್ಟು ಹೇಳಿಕೊಂಡಳು. ಮೇಡಂ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಬಿಕ್ಕಿ ಬಿಕ್ಕಿ ಅತ್ತು ಹೇಳಿದಳು. "ಸಾವು ಎಲ್ಲರಿಗೂ ಬರುತ್ತೆ ಮೇಡಂ. ಆ ಎರಡು ಪೇಪರ್ ಮಾತ್ರ ನನ್ನ ಕಣ್ಣಿಂದ ಹೋಗ್ತಿಲ್ಲ." ಮೇಡಂ ಅವಳ ಬೆನ್ನು ಸವರಿ, ತಾವೂ ಕಣ್ಣು ಒರೆಸಿಕೊಂಡಿದ್ದರು.

ಹೋದ ವರ್ಷ ಹೊಸ ಅಧ್ಯಯನ ಶುರುವಾಯಿತು. ಒಂದು ಸಲಕ್ಕೆ ಏಳು ಮನೆಯಂತೆ ಹದಿನಾಲ್ಕು ಮನೆ, ಪ್ರತಿ ಮನೆಗೆ ನಾಲ್ಕು ವಾರ. ಮೊದಲ ಎರಡು ವಾರ ಮನೆಯವರು ಎಂದಿನ ಊಟ ಮಾಡಬೇಕು. ಆಮೇಲಿನ ಎರಡು ವಾರ ಸಂಸ್ಥೆಯ ಅಡುಗೆಮನೆಯಿಂದ ಸ್ಟೀಲ್ ಕ್ಯಾರಿಯರಿನಲ್ಲಿ ಊಟ. ಅದು ಹೊಲದಿಂದ ತಟ್ಟೆಯವರೆಗೆ ಎಲ್ಲೂ ಪ್ಲಾಸ್ಟಿಕ್ ಮುಟ್ಟದ ಊಟ. ಎರಡೂ ಕಾಲದಲ್ಲಿ ತಿಂದಷ್ಟೇ ಪಾಲು ಜಾಡಿಗೆ, ಬೆಳಗಿನ ಮೊದಲ ಮೂತ್ರ ಬಾಟಲಿಗೆ. ಪ್ಲಾಸ್ಟಿಕ್ಕಿನ ಅಂಶಗಳು ಮೈಯಲ್ಲಿ ಒಂದು ದಿನವೂ ನಿಲ್ಲುವುದಿಲ್ಲ, ಬಂದ ದಾರಿ ಹಿಡಿದು ಹೊರಟುಬಿಡುತ್ತವೆ. ಆದ್ದರಿಂದ ಯಾವ ಊಟ ಎಷ್ಟು ಗಂಟೆಗೆ ಎನ್ನುವುದು ತಪ್ಪಿದರೆ ಅಳತೆಗೆ ಅರ್ಥವೇ ಇಲ್ಲ. ಒಂದು ಮನೆಯವರು ಎರಡು ಸಲ ಜಾಡಿ ತುಂಬಲು ತಪ್ಪಿದರೆ ಆ ಮನೆಯನ್ನೇ ಕೈಬಿಡಬೇಕು. ಜಾಡಿ ಮುಚ್ಚಿದ ಮೇಲೆ ಅದರ ಮುಚ್ಚಳ ತೆಗೆಯುವ ಅಧಿಕಾರ ಮೇಡಂ ಒಬ್ಬರಿಗೇ.

ಇದರ ಜೊತೆ ಇನ್ನೊಂದು ಜಾಡಿಯೂ ಇತ್ತು. ಅದರಲ್ಲಿ ಬರೀ ಶುದ್ಧ ನೀರು. ಪ್ರತಿ ಮನೆಯಲ್ಲೂ ಗಾಜಕ್ಕ ಬೇರೆ ಜಾಡಿಗಳನ್ನು ಮುಟ್ಟುವಷ್ಟು ಹೊತ್ತು ಅದನ್ನು ತೆರೆದಿಟ್ಟು, ಹೊರಡುವಾಗ ಮುಚ್ಚುತ್ತಿದ್ದಳು. ಅವಳ ಕೈಯಿಂದಲೋ ಬಟ್ಟೆಯಿಂದಲೋ ಗಾಳಿಯಿಂದಲೋ ಏನಾದರೂ ಉದುರಿದರೆ ಆ ನೀರು ಹೇಳಿಬಿಡುತ್ತದೆ. ಅವಳು ಅದನ್ನು ಸಾಕ್ಷಿ ಜಾಡಿ ಎನ್ನುತ್ತಿದ್ದಳು. ತನ್ನ ಮೇಲೆ ತಾನೇ ಕಾವಲು ಹೊತ್ತು ತಿರುಗುವುದರಲ್ಲಿ ಅವಳಿಗೆ ಬೇಜಾರಿರಲಿಲ್ಲ, ಹೆಮ್ಮೆಯೇ ಇತ್ತು. ಈ ಅಧ್ಯಯನ ಚೆನ್ನಾಗಿ ಮುಗಿದರೆ ಮುಂದಿನದು ಇನ್ನೂರು ಮನೆ, ಜಾಡಿ ತರುವ ಹನ್ನೆರಡು ಜನರಿಗೆ ಅವಳೇ ಮುಖ್ಯಸ್ಥೆ ಎಂದು ಮೇಡಂ ಮಾತು ಕೊಟ್ಟಿದ್ದರು.

ಹನ್ನೊಂದನೇ ಮನೆ ಗಡಿಯಾರ ರಿಪೇರಿ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ. ಅಲ್ಲಿದ್ದದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕಿವಿಗೆ ಯಂತ್ರ ಹಾಕಿಕೊಂಡು ಕೂತಿದ್ದವಳು. ಬಾಗಿಲು ತಟ್ಟಿದರೆ ಒಳಗಿನಿಂದ, "ನಂಬರ್ ಹೇಳಿ" ಎನ್ನುವಳು. ಗಾಜಕ್ಕ, "ಹನ್ನೊಂದು" ಎನ್ನಬೇಕು. "ಲೈನ್ ಖಾಲಿ ಇದೆ, ಒಳಗೆ ಬಾ ಮಗಳೇ" ಎಂದು ಬಾಗಿಲು ತೆರೆಯುವಳು. ಮಿಕ್ಕ ಆರು ಮನೆಗಳಲ್ಲಿ ಗಾಜಕ್ಕ ಜಾಡಿ ತೆಗೆದುಕೊಂಡು ಹೊರಡುತ್ತಿದ್ದಳು. ಇಲ್ಲಿ ಹತ್ತು ನಿಮಿಷ ಕೂರುತ್ತಿದ್ದಳು. ಮೇಜಿನ ಮೇಲೆ ಹಳೇ ರೇಡಿಯೋ, ಕಿಟಕಿಯಲ್ಲಿ ಒಂದು ಕುಂಡ, ಗೋಡೆಯಲ್ಲಿ ಕೆಳಗಿನ ಅಂಗಡಿಯವನು ಸರಿಮಾಡಿಕೊಟ್ಟ ಗಡಿಯಾರ.

ಅಜ್ಜಿಗೆ ಗಾಜಕ್ಕನನ್ನು ಕೆಣಕುವ ಚಪಲ. "ದಿನಾ ಇಷ್ಟು ಮೆಟ್ಟಿಲು ಯಾಕೆ ಹತ್ತುತ್ತೀಯ? ಇವತ್ತು ನಾನು ತಿಂದಿದ್ದು ಅನ್ನ ಬೇಳೆ, ನಾಳೇನೂ ಅದೇ ತಿಂತೀನಿ. ಬಸ್ ಸ್ಟಾಪಲ್ಲೇ ಕೂತು ಬರ್ಕೋ ಹೋಗು" ಎಂದಳೊಮ್ಮೆ. ಗಾಜಕ್ಕ ನಕ್ಕು, "ಹಾಗೆ ಬರೆದೋನೊಬ್ಬ ಇದ್ದ ಅಜ್ಜಿ, ಅವನ ಕಥೆ ಇನ್ನೊಂದಿನ ಹೇಳ್ತೀನಿ" ಎಂದಳು. ಇನ್ನೊಮ್ಮೆ ಬಾಟಲಿಯ ಚೀಟಿಯಲ್ಲಿ ಹಿಂದಿನ ದಿನದ ತಾರೀಖು ಬರೆದು ಕೊಟ್ಟಳು. ಗಾಜಕ್ಕ ಅಲ್ಲೇ ಹಿಡಿದಳು. ಮತ್ತೊಮ್ಮೆ ಅವಳ ಬಿರಿದ ಕೈ ನೋಡಿ ಲೊಚಗುಟ್ಟಿ, ಘಮಘಮ ಕ್ರೀಮು ತಂದು, "ಹಚ್ಕೋ ಮಗಳೇ, ನಿಮ್ಮಮ್ಮ ಇದ್ದಿದ್ರೆ ಹಚ್ತಿರ್ಲಿಲ್ವಾ?" ಎಂದಳು. ಗಾಜಕ್ಕನ ಕಣ್ಣು ತುಂಬಿತು, ಆದರೆ ಕೈ ಹಿಂದಕ್ಕೆ ಹೋಯಿತು. "ನಾಲ್ಕು ವಾರ ಮುಗೀಲಿ ಅಜ್ಜಿ. ಆಮೇಲೆ ನೀವೇ ಹಚ್ಚಿ." ಒಂಬತ್ತನೇ ದಿನ ಅಜ್ಜಿ ಮಧ್ಯಾಹ್ನದ ಜಾಡಿ ತುಂಬಲು ಮರೆತಾಗ, ಅವಳು ಎಷ್ಟು ಮುಖ ಸಣ್ಣ ಮಾಡಿಕೊಂಡರೂ, ಗಾಜಕ್ಕ ಡೈರಿಯಲ್ಲಿ "ತಪ್ಪಿದೆ" ಎಂದೇ ಬರೆದಳು.

ಇಪ್ಪತ್ತಮೂರನೇ ದಿನ ಬೆಳಗ್ಗೆ ಏಳೂ ಹತ್ತಕ್ಕೆ ಅವಳು ಬಾಗಿಲು ತಟ್ಟಿದಾಗ ಒಳಗಿನಿಂದ ಯಾರೂ ನಂಬರ್ ಕೇಳಲಿಲ್ಲ. ಬಾಗಿಲು ತಳ್ಳಿದರೆ ಅಜ್ಜಿ ಮಂಚದ ಮೇಲೆ ಮಂಡಿಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದಳು. ಹಿಂದಿನ ರಾತ್ರಿಯೂಟದ ಜಾಡಿ ಮೇಜಿನ ಮೇಲೆ ಖಾಲಿಯಾಗಿತ್ತು.

"ರಾತ್ರಿ ಮಂಡಿ ಹಿಡ್ಕೊಂಡ್ಬಿಡ್ತು ಕಣೇ. ಎಂಟೂವರೆಗೆ ಹೇಗೋ ಊಟ ಮಾಡ್ದೆ. ಜಾಡಿಗೆ ಹಾಕಕ್ಕೆ ಆಗ್ಲಿಲ್ಲ. ಮಿಕ್ಕಿದ್ದನ್ನ ಒಂದು ಡಬ್ಬಿಗೆ ಸುರಿದು ಫ್ರಿಜ್ಜಲ್ಲಿ ಇಟ್ಟೆ."

ಗಾಜಕ್ಕ ಫ್ರಿಜ್ಜು ತೆರೆದಳು. ನೀಲಿ ಪ್ಲಾಸ್ಟಿಕ್ ಡಬ್ಬಿ. ಅದೂ ಪ್ಲಾಸ್ಟಿಕ್ ಮುಟ್ಟಬಾರದ ವಾರಗಳಲ್ಲಿ.

"ತಪ್ಪಿಹೋಯ್ತು ಅಂತ ಬರೀತೀನಿ ಅಜ್ಜಿ. ಬೇರೆ ದಾರಿ ಇಲ್ಲ."

"ಬರೆದ್ರೆ ಇದು ಎರಡನೇದು. ನನ್ನ ಮನೆ ತೆಗೆದುಹಾಕ್ತಾರೆ. ನಾಳೆಯಿಂದ ನೀನೂ ಬರಲ್ಲ." ಅಜ್ಜಿಯ ಕಣ್ಣಿಂದ ನೀರು ಇಳಿಯಿತು. "ಆಮೇಲೆ ಈ ಬಾಗಿಲು ಯಾರು ತಟ್ತಾರೆ ಹೇಳು? ನಾನು ಸತ್ರೂ ಎರಡು ದಿನದ ಪೇಪರ್ ಹೊಸಿಲಲ್ಲೇ ಬಿದ್ದಿರುತ್ತೆ, ಯಾರಿಗೂ ಗೊತ್ತಾಗಲ್ಲ."

ಗಾಜಕ್ಕ ಮೇಜಿನ ಮೇಲಿದ್ದ ಖಾಲಿ ಜಾಡಿಯನ್ನು ಕೈಗೆತ್ತಿಕೊಂಡಳು. ನೀಲಿ ಡಬ್ಬಿಯಿಂದ ಅಷ್ಟನ್ನೂ ಜಾಡಿಗೆ ಸುರಿದಳು. ಡೈರಿಯಲ್ಲಿ ಪೆನ್ಸಿಲಿನಿಂದ "ರಾತ್ರಿ 8:30, ಮನೆಯವರೇ ತುಂಬಿದ್ದು" ಎಂದು ಬರೆದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸುಳ್ಳು. ಅಜ್ಜಿಗೆ ಬಿಸಿನೀರು ಕಾಯಿಸಿಕೊಟ್ಟು, ಮಂಡಿ ಒತ್ತಿ, ಮೆಟ್ಟಿಲಿಳಿದು ಬಂದವಳಿಗೆ ಬಸ್ ಸ್ಟಾಪಿನವರೆಗೂ ಹೋಗಲಾಗಲಿಲ್ಲ. ಗಡಿಯಾರದ ಅಂಗಡಿಯ ಕಟ್ಟೆಯ ಮೇಲೆ ಕೂತಳು.

ಅಲ್ಲಿಯೇ ಅವಳು ಒಂದು ಚೀಟಿ ಬರೆದಳು. "ಮೇಡಂ, ಈ ಜಾಡಿ ಅಜ್ಜಿ ತುಂಬಿದ್ದಲ್ಲ, ನಾನು. ಬೆಳಗ್ಗೆ 7:25ಕ್ಕೆ, ಪ್ಲಾಸ್ಟಿಕ್ ಡಬ್ಬಿಯಿಂದ. ಡೈರಿಯಲ್ಲಿರೋ ಸಮಯ ಸುಳ್ಳು. ಇದನ್ನ ಲೆಕ್ಕಕ್ಕೆ ತಗೋಬೇಡಿ. ಈ ಮನೆ ಬಿಡಬೇಕಾ ಬೇಡವಾ ನೀವೇ ಹೇಳಿ. ತಪ್ಪು ನನ್ನದು." ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಮುಚ್ಚಳಕ್ಕೂ ಅಲ್ಯೂಮಿನಿಯಂ ಹಾಳೆಗೂ ನಡುವೆ ಇಟ್ಟು ತಿರುಗಿಸಿ ಮುಚ್ಚಿದಳು. ಡೈರಿ ನಾಲ್ಕು ಜನರ ಕೈ ದಾಟುತ್ತದೆ. ಅದರಲ್ಲಿ ಬರೆದರೆ ಗುಮಾಸ್ತ ಅವತ್ತೇ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕುತ್ತಾನೆ. ಮುಚ್ಚಳ ತೆಗೆಯುವುದು ಮೇಡಂ ಮಾತ್ರ. ತೆಗೆದ ತಕ್ಷಣ ಚೀಟಿ ಅವರ ಕಣ್ಣಿಗೆ ಬೀಳಲೇಬೇಕು.

ಬಾಯಲ್ಲೂ ಹೇಳೋಣವೆಂದು ಮಾರನೇ ದಿನ ಮೇಡಂ ಕೋಣೆಗೆ ಹೋದಳು. ಮೇಡಂ ಕಂಪ್ಯೂಟರಿನಿಂದ ತಲೆಯೆತ್ತದೆ, "ಆಮೇಲೆ ಮಾತಾಡೋಣ ಅಕ್ಕ. ನಿಮ್ಮ ಕೆಲಸದ ವಿಷಯದಲ್ಲಿ ನಾನು ಕಣ್ಣು ಮುಚ್ಕೊಂಡಿರ್ತೀನಿ" ಎಂದರು. ಗಾಜಕ್ಕ ಹಿಂದಿರುಗಿದಳು. ಒಂದು ವಾರ ಕಾದಳು, ಎರಡು ವಾರ ಕಾದಳು. ಕರೆ ಬರಲಿಲ್ಲ, ಬೈಗುಳ ಬರಲಿಲ್ಲ, ಹನ್ನೊಂದನೇ ಮನೆಯನ್ನು ಬಿಡಿ ಎಂದೂ ಯಾರೂ ಹೇಳಲಿಲ್ಲ. ಮೇಡಂ ಚೀಟಿ ಓದಿದ್ದಾರೆ, ಆ ಜಾಡಿಯನ್ನು ಬದಿಗಿಟ್ಟಿದ್ದಾರೆ, ತನ್ನ ಮಾನ ಉಳಿಸಲು ತುಟಿಪಿಟಕ್ಕೆನ್ನದೆ ಇದ್ದಾರೆ ಎಂದು ಅವಳು ತಿಳಿದಳು. "ಅಂಥವರಿಗೆ ಜೀವ ಬೇಕಾದ್ರೂ ಕೊಡಬಹುದು ರೀ" ಎಂದು ಗಂಡನ ಮುಂದೆ ಹೇಳಿ ಕಣ್ಣೀರು ಹಾಕಿದಳು. ಗಂಡ ಅವತ್ತು ಯಾವ ತಮಾಷೆಯನ್ನೂ ಮಾಡಲಿಲ್ಲ.

ನಾಲ್ಕು ತಿಂಗಳ ಮೇಲೆ ಸಭೆ ನಡೆಯಿತು. ಹೊರಗಿನಿಂದ ಮೂವರು ಪರಿಶೀಲಕರು ಬಂದಿದ್ದರು. ಗಾಜಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಕೊನೇ ಸಾಲಿನಲ್ಲಿ ಕೂತಿದ್ದಳು. ಪರದೆಯ ಮೇಲೆ ಗೆರೆಗಳು ಮೂಡಿದವು. ಮೊದಲ ಎರಡು ವಾರ ಗೆರೆ ಮೇಲೆ, ಆಮೇಲಿನ ಎರಡು ವಾರ ಕೆಳಗೆ. ಊಟದ ಲೆಕ್ಕವೂ ಮೂತ್ರದ ಲೆಕ್ಕವೂ ಕೈ ಕೈ ಹಿಡಿದುಕೊಂಡಂತೆ ಹೊಂದಿದ್ದವು. ಇದಲ್ಲವೇ ಕೆಲಸ ಎಂದು ಅವಳಿಗೆ ಹಿಗ್ಗೋ ಹಿಗ್ಗು. ಆಗ ಅವಳು ಗೆರೆಗಳನ್ನು ಎಣಿಸಿದಳು. ಹದಿನಾಲ್ಕು ಇರಬೇಕಿತ್ತು, ಹದಿಮೂರಿದ್ದವು.

ಪರಿಶೀಲಕರೊಬ್ಬರು ಕೇಳಿದರು: "ಊಟ ತಂದವರು ನಿಜಾನೇ ತಂದಿದ್ದಾರೆ ಅನ್ನೋದಕ್ಕೆ ಏನು ಆಧಾರ? ನಿಮ್ಮ ಹಳೇ ಅಧ್ಯಯನ ಹಾಳಾಗಿದ್ದು ಅಲ್ಲೇ ಅಲ್ವಾ?"

ಮೇಡಂ ಮುಗುಳ್ನಕ್ಕರು. ಈ ಪ್ರಶ್ನೆಗೇ ಕಾದಿದ್ದವರ ಹಾಗೆ ಮುಂದಿನ ಚಿತ್ರ ಹಾಕಿದರು. "ಹನ್ನೊಂದನೇ ಮನೆ ಅಧ್ಯಯನದ ಮನೆಯೇ ಅಲ್ಲ, ತಪಾಸಣೆಯ ಮನೆ. ಅಲ್ಲಿದ್ದವರು ನನ್ನ ಸ್ವಂತ ಚಿಕ್ಕಮ್ಮ. ನಾಲ್ಕು ವಾರದಲ್ಲಿ ಜಾಡಿ ತರುವ ಸಂಗ್ರಾಹಕಿಗೆ ಗೊತ್ತಾಗದ ಹಾಗೆ ಇಪ್ಪತ್ತು ಪರೀಕ್ಷೆ ಒಡ್ಡಿದ್ವಿ." ಪರದೆಯ ಮೇಲೆ ಪಟ್ಟಿ ಬಂತು. ಮನೆಗೆ ಬರದೆಯೇ ಡೈರಿ ಬರೆಯಲು ಪ್ರಚೋದನೆ: ಪಾಸು. ತಪ್ಪು ತಾರೀಖು: ಪಾಸು. ಕೈಗೆ ಕ್ರೀಮು: ಪಾಸು. ಹೀಗೇ ಹತ್ತೊಂಬತ್ತು ಸಾಲು. ಒಂದು ಸಾಲು ಕೆಂಪಕ್ಷರದಲ್ಲಿತ್ತು: ಇಪ್ಪತ್ತೆರಡನೇ ದಿನದ ರಾತ್ರಿಯೂಟ, ಕನಿಕರದ ಒತ್ತಡ. ಸಂಗ್ರಾಹಕಿ ತಾವೇ ಮಾದರಿ ತುಂಬಿ ಸುಳ್ಳು ಸಮಯ ದಾಖಲಿಸಿದ್ದಾರೆ: ಫೇಲು.

"ಇಪ್ಪತ್ತರಲ್ಲಿ ಹತ್ತೊಂಬತ್ತು. ಇಷ್ಟು ಗಟ್ಟಿಯಾಗಿ ಯಾವ ಸಂಗ್ರಾಹಕರನ್ನೂ ಯಾರೂ ಪರೀಕ್ಷೆ ಮಾಡಿಲ್ಲ" ಎಂದು ಮೇಡಂ ಕೈ ತೋರಿಸಿದರು. ಎಲ್ಲರೂ ಹಿಂದೆ ತಿರುಗಿ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೂ ತಿರುಗಿದಳು. ಗಾಜಕ್ಕ ಚಪ್ಪಾಳೆ ಕೇಳಿಸಿಕೊಳ್ಳಲಿಲ್ಲ. ಅವಳ ತಲೆಯೊಳಗೆ ಎರಡು ದಿನದ ಪೇಪರು ಹೊಸಿಲ ಮೇಲೆ ಬಿದ್ದಿದ್ದವು. ಆ ಮಾತು ಅಜ್ಜಿಯ ಬಾಯಿಗೆ ತಾನಾಗಿ ಬರಲಿಲ್ಲ ಎಂದು ಅವಳಿಗೆ ಈಗ ಹೊಳೆಯಿತು. ಅದನ್ನು ಬಲ್ಲವರು ಇಬ್ಬರೇ, ಅವರಲ್ಲಿ ಒಬ್ಬ ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿದ್ದ.

ಹೊರಗೆ ಅಜ್ಜಿ ಕೋಲಿಲ್ಲದೆ, ಕುಂಟದೆ, ಸರಸರನೆ ಬಂದು ಅವಳ ಕೈ ಹಿಡಿಯಲು ನೋಡಿದಳು. "ಮಗಳೇ, ಸಿಟ್ಟಾ? ಎಲ್ಲಿ, ನಂಬರ್ ಹೇಳು ನೋಡೋಣ."

"ರಾಂಗ್ ನಂಬರ್ ಅಜ್ಜಿ."

"ಮಾತು ಅವಳು ಬರೆದುಕೊಟ್ಟಿದ್ದು ಕಣೇ, ಒಪ್ಕೋತೀನಿ. ಅತ್ತಿದ್ದು ಮಾತ್ರ ನಾನೇ. ಅಳು ಅಂತ ಆ ಕಾಗದದಲ್ಲಿ ಇರ್ಲಿಲ್ಲ."

ಅದು ನಿಜವಿರಬಹುದು. ಗಾಜಕ್ಕ ಆ ಮುಖವನ್ನು ದಿಟ್ಟಿಸಿ ನೋಡಿದಳು, ಏನೂ ಗೊತ್ತಾಗಲಿಲ್ಲ. ಗಾಜಾಗಿದ್ದರೆ ತಟ್ಟಿ ನೋಡಬಹುದಿತ್ತು. ಕೈ ಬಿಡಿಸಿಕೊಂಡು ಮೇಡಂ ಕೋಣೆಗೆ ನಡೆದಳು.

ಮೇಡಂ ಸಂತೋಷದಲ್ಲಿದ್ದರು. "ಬನ್ನಿ ಅಕ್ಕ, ಕೂತ್ಕೊಳ್ಳಿ. ಇನ್ನೂರು ಮನೆ ಅಧ್ಯಯನಕ್ಕೆ ಒಪ್ಪಿಗೆ ಸಿಕ್ತು. ಮುಖ್ಯಸ್ಥೆ ನೀವೇ. ತಪಾಸಣೆ ಮನೆ ಎಲ್ಲೆಲ್ಲಿ ಇಡಬೇಕು ಅಂತ ಈ ಸಲ ನೀವೇ ಹೇಳಬೇಕು."

ಗಾಜಕ್ಕ ಕೂರಲಿಲ್ಲ. "ಪೇಪರ್ ವಿಷಯ ಅವರಿಗೆ ನೀವು ಹೇಳಿದ್ರಾ?"

ಮೇಡಂ ಪೆನ್ನು ಕೆಳಗಿಟ್ಟರು. "ಅಕ್ಕ, ಸುಲಭದ ಪರೀಕ್ಷೆ ಇಟ್ರೆ ಯಾರು ನಂಬ್ತಾರೆ? ಎಲ್ಲಿ ಮುರಿಯುತ್ತೋ ಅಲ್ಲೇ ಒತ್ತಿ ನೋಡಬೇಕು. ನೀವು ಜಾಡಿ ಕುತ್ತಿಗೆ ತಟ್ಟಿ ನೋಡಲ್ವಾ? ನಿಮ್ಮಿಂದಾನೇ ಕಲಿತಿದ್ದು ನಾನು."

"ಜಾಡಿ ನಿಮ್ಮ ಹತ್ರ ಬಂದು ಕೂತು ಅವರಮ್ಮನ ವಿಷಯ ಹೇಳ್ಕೊಂಡು ಅತ್ತಿರಲ್ಲ ಮೇಡಂ."

"ನಾನು ನಿಮ್ಮನ್ನ ನಂಬಲ್ಲ ಅಂತಲ್ಲ. ಆದ್ರೆ ನಂಬ್ತೀನಿ ಅಂತ ವರದಿಯಲ್ಲಿ ಬರೆಯೋಕಾಗಲ್ಲ."

"ನಾನು ಬೇಡ ಅಂದೆನಾ? ಸಾಕ್ಷಿ ಜಾಡಿ ಆರು ವರ್ಷದಿಂದ ನಾನೇ ಹೊರ್ತಿದೀನಿ. ಒಂದು ಮನೆ ತಪಾಸಣೆಗೆ ಇಟ್ಟಿರ್ತೀವಿ, ಯಾವುದು ಅಂತ ಹೇಳಲ್ಲ ಅಂದಿದ್ರೆ, ಸರಿ ಮೇಡಂ ಅಂತ ಆ ಮನೆಗೂ ಜಾಡಿ ತೊಳೆದು ಒಯ್ತಿದ್ದೆ. ಹೋಗ್ಲಿ, ಹತ್ತೊಂಬತ್ತೇ ಯಾಕೆ? ಚೀಟಿ ಓದಿದ ಮೇಲೂ ಫೇಲ್ ಅಂತ ಯಾಕೆ ಹಾಕಿದ್ರಿ?"

"ಯಾವ ಚೀಟಿ?"

ಗಾಜಕ್ಕ ಆ ಮುಖವನ್ನು ನೋಡಿದಳು. ಈ ಸಲ ಗೊತ್ತಾಯಿತು. ಮೇಡಂ ನಿಜವಾಗಿಯೂ ಕೇಳುತ್ತಿದ್ದರು.

"ಹನ್ನೊಂದನೇ ಮನೆ ಜಾಡಿ ಎಲ್ಲಿವೆ?"

"ಕೆಳಗೆ ಶೈತ್ಯಾಗಾರದಲ್ಲಿ ಇರಬೇಕು. ಅವನ್ನ ತೆಗೆದಿಲ್ಲ ಅಕ್ಕ. ಅದು ಲೆಕ್ಕದ ಮನೆ ಅಲ್ವಲ್ಲ. ಚಿಕ್ಕಮ್ಮ ಬರೆದಿದ್ದನ್ನ ನಿಮ್ಮ ಡೈರಿ ಜೊತೆ ಹೋಲಿಸಿದ್ವಿ ಅಷ್ಟೆ."

ಇಬ್ಬರೂ ಕೆಳಗಿಳಿದರು. ಶೈತ್ಯಾಗಾರದ ಮೂಲೆಯ ಹಲಗೆಯ ಮೇಲೆ ಎಂಬತ್ತಮೂರು ಜಾಡಿ ಸಾಲಾಗಿ ಕೂತಿದ್ದವು. ಪ್ರತಿಯೊಂದನ್ನೂ ಅವಳು ತೊಳೆದು, ಸುಟ್ಟು, ಹೊತ್ತು, ಎರಡು ಮಹಡಿ ಇಳಿಸಿ, ಹತ್ತಿಯ ದಾರದಲ್ಲಿ ಚೀಟಿ ಕಟ್ಟಿ ತಂದಿದ್ದಳು. ಒಂದರ ಮುಚ್ಚಳವೂ ಅಲುಗಾಡಿರಲಿಲ್ಲ. ಗಾಜಕ್ಕ ಇಪ್ಪತ್ತೆರಡನೇ ದಿನದ ರಾತ್ರಿಯದನ್ನು ಹುಡುಕಿ ತೆಗೆದು ಮೇಡಂ ಕೈಗೆ ಕೊಟ್ಟಳು. ಮುಚ್ಚಳ ತೆಗೆಯುವ ಅಧಿಕಾರ ತನ್ನದಲ್ಲ ಎನ್ನುವುದನ್ನು ಅವಳು ಆಗಲೂ ಮರೆಯಲಿಲ್ಲ.

ಮೇಡಂ ತಿರುಗಿಸಿದರು. ಹಿಮಗಟ್ಟಿದ ಮುಚ್ಚಳ ಎರಡನೇ ಸಲಕ್ಕೆ ಸಡಿಲಾಯಿತು. ನಾಲ್ಕು ಮಡಿಕೆಯ ಚೀಟಿ ಕೆಳಗೆ ಬಿತ್ತು. ಅವರು ಬಗ್ಗಿ ಎತ್ತಿಕೊಂಡು ಓದಿದರು. ಎರಡನೇ ಸಲವೂ ಓದಿದರು.

"ಇದನ್ನ ನನಗೆ ಹೇಳಬಹುದಿತ್ತಲ್ಲ ಅಕ್ಕ."

"ಹೇಳಿದ್ನಲ್ಲ ಮೇಡಂ. ಜಾಡಿ ತೆಗೆದು ನೋಡ್ತೀರಿ ಅಂತ ನಂಬಿದ್ದೆ."

ಮೇಡಂ ಅವಸರವಸರವಾಗಿ, ತಿದ್ದಿಬಿಡುತ್ತೇನೆ, ಇಪ್ಪತ್ತಕ್ಕೆ ಇಪ್ಪತ್ತು ಎಂದು ಬರೆಸುತ್ತೇನೆ ಎಂದರು. ಗಾಜಕ್ಕ ಅಡ್ಡಡ್ಡ ತಲೆಯಾಡಿಸಿದಳು. "ಬೇಡ. ಸುಳ್ಳು ಸಮಯ ಬರೆದಿದ್ದು ನಾನೇ. ಆ ಸಾಲು ಹಾಗೇ ಇರ್ಲಿ. ಅದರ ಕೆಳಗೆ ಇನ್ನೊಂದು ಸಾಲು ಬರೀರಿ. ಅವತ್ತೇ ಅವಳು ತಪ್ಪು ಒಪ್ಕೊಂಡು ಚೀಟಿ ಇಟ್ಟಿದ್ಲು, ನಾವು ಜಾಡಿ ತೆಗೆದು ನೋಡ್ಲಿಲ್ಲ ಅಂತ. ಅಷ್ಟು ಸಾಕು." ಮೇಡಂ, "ಖಂಡಿತ ಬರೀತೀನಿ ಅಕ್ಕ, ನನ್ನ ನಂಬಿ" ಎಂದರು. ಚೀಟಿಯನ್ನು ದಾಖಲೆಗೆಂದು ತಮ್ಮ ಜೇಬಿನಲ್ಲಿ ಇಟ್ಟುಕೊಂಡರು.

ಗಾಜಕ್ಕ ಇನ್ನೂರು ಮನೆಯ ಕೆಲಸ ಒಪ್ಪಿಕೊಳ್ಳಲಿಲ್ಲ. ಆ ತಿಂಗಳೇ ಬಿಟ್ಟಳು. ಈಗ ಒಂದು ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಾಳೆ. ಕೈಗೆ ಕ್ರೀಮು ಹಚ್ಚಬಹುದು, ಯಾರೂ ಬೇಡವೆನ್ನುವುದಿಲ್ಲ, ಅವಳೇ ಹಚ್ಚುವುದಿಲ್ಲ. ಗಡಿಯಾರದ ಅಂಗಡಿಯ ಬೀದಿಗೆ ಹೋಗುವ ಬಸ್ಸು ಬಂದರೆ ಹತ್ತದೆ ಮುಂದಿನದಕ್ಕೆ ಕಾಯುತ್ತಾಳೆ.

ಹೋದ ತಿಂಗಳು ವರದಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿ ಅಂಚೆಯಲ್ಲಿ ಬಂತು. ಗಂಡ ಗ್ರೀಸಿನ ಕೈ ಚೆನ್ನಾಗಿ ತೊಳೆದುಕೊಂಡು ಬಂದು, ಇಂಗ್ಲಿಷ್ ನಿಘಂಟು ಮುಂದಿಟ್ಟುಕೊಂಡು, ಒಂದೊಂದೇ ಸಾಲನ್ನು ಓದಿ ಹೇಳಿದ. ಹತ್ತೊಂಬತ್ತು ಪಾಸು ಇತ್ತು. ಸಂಗ್ರಾಹಕಿ ಕನಿಕರಕ್ಕೆ ಮಣಿದು ಸುಳ್ಳು ಬರೆದದ್ದಿತ್ತು. ಅದರ ಕೆಳಗಿನ ಸಾಲು ಇರಲಿಲ್ಲ. ಗಂಡ ಹಿಂದಿನ ಪುಟ ತಿರುಗಿಸಿದ, ಮುಂದಿನ ಪುಟ ತಿರುಗಿಸಿದ, ಕೊನೆಯ ಸಣ್ಣಕ್ಷರಗಳನ್ನೂ ಬಿಡದೆ ಹುಡುಕಿದ. "ಬಿಡೇ, ಮರೆತಿರಬೇಕು" ಎಂದ. "ಅವರು ಏನನ್ನೂ ಮರೆಯಲ್ಲ ರೀ. ಎರಡು ಪೇಪರ್ ನೆನಪಿಟ್ಕೊಂಡಿದ್ದವರು" ಎಂದಳು ಗಾಜಕ್ಕ.

ಮಾರನೇ ದಿನ ಅವಳು ಆ ಪತ್ರಿಕೆಯ ಸಂಪಾದಕರಿಗೆ ಕಾಗದ ಬರೆದಳು. ಪೆನ್ಸಿಲಿನಲ್ಲೇ ಬರೆದಳು, ಮೇಲೆ ತಾರೀಖು ಮತ್ತು ಸಮಯ ಹಾಕಿದಳು. ವರದಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಅದು ಇಂಥದ್ದು, ಎಂಬತ್ತಮೂರು ಜಾಡಿಗಳಲ್ಲಿ ಒಂದನ್ನೂ ತೆರೆದಿರಲಿಲ್ಲ ಎಂದು ಬರೆದು, ಕೆಳಗೆ ಹಾಜರಿ ಪುಸ್ತಕದ ತನ್ನ ಹೆಸರನ್ನು ಪೂರ್ತಿಯಾಗಿ ಬರೆದು ಸಹಿ ಮಾಡಿದಳು. ಲಕೋಟೆಗೆ ಹಾಕುವ ಮುಂಚೆ ಶಾಲೆಯ ಆಫೀಸಿಗೆ ಹೋಗಿ ಅದರ ಎರಡು ನಕಲು ತೆಗೆಸಿ ಇಟ್ಟುಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಅವಳು ಬರೆದ ಯಾವುದಕ್ಕೂ ನಕಲು ಇಟ್ಟುಕೊಂಡವಳಲ್ಲ.